ದಿನಾ ಓಡಿಸುವ ವರ್ಟಸ್ ಜಿಟಿಗೆ ಟ್ರ್ಯಾಕ್ ಸಸ್ಪೆನ್ಷನ್: ಹಾಸನದ ರಸ್ತೆಗೆ ಆಗುತ್ತಾ?

ಬಿ.ಎಂ. ರೋಡ್:
ನನ್ನದು 2022ರ ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ, 1.5 ಟಿಎಸ್‌ಐ ಎಂಜಿನ್. ದಿನಾ ಕೆಲಸಕ್ಕೆ ಇದೇ ಗಾಡಿ. ಬೇಲೂರು ಮೇಲೆ ಚಿಕ್ಕಮಗಳೂರಿಗೆ, ಅತ್ತೆ ಮನೆಗೂ ಇದೇ. ಆಗಾಗ ಕೊಯಮತ್ತೂರಿನ 'ಕರಿ' ರೇಸ್ ಟ್ರ್ಯಾಕ್‌ಗೂ ಇದನ್ನೇ ಓಡಿಸಿಕೊಂಡು ಹೋಗುತ್ತೇನೆ. ಅಲ್ಲಿ ತಿರುವಿನಲ್ಲಿ ಗಾಡಿ ತುಂಬಾ ವಾಲುತ್ತದೆ. ಮುಂದಿನ ಟೈರ್‌ಗಳ ಹೊರ ಅಂಚು ಉಜ್ಜಿ ಉಜ್ಜಿ ನುಣ್ಣಗಾಗಿದೆ, ಒಳಗಡೆ ಇನ್ನೂ ಹೊಸದರಂತೆ ಇದೆ. ಒಂದು ಕಾಯಿಲೋವರ್ ಕಿಟ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್, ಡ್ಯಾಂಪರ್ ಅಂದರೆ ಶಾಕ್ ಅಬ್ಸಾರ್ಬರ್ ಸೆಟ್) ನೋಡಿದ್ದೇನೆ. ಮುಂದೆ ಮಿ.ಮೀ.ಗೆ 6 ಕೆ.ಜಿ. ಸ್ಪ್ರಿಂಗ್, ಮೇಲೆ ಚಕ್ರದ ಒಳ-ಹೊರ ವಾಲು ಹೊಂದಿಸುವ ಕ್ಯಾಂಬರ್ ಪ್ಲೇಟ್, 40 ಮಿ.ಮೀ. ಇಳಿಸಬಹುದು. ಟ್ರ್ಯಾಕ್‌ಗೆ ಅಂತಲೇ ಮಾಡಿದ್ದು. ದಿನಾ ಓಡಿಸಲು ಆಗುತ್ತಾ? ಗೊತ್ತಿದ್ದವರು ಹೇಳಿ.

ಗೇರ್‌ಬಾಕ್ಸ್ ಗೌಡ:
ಬೇಡ. ಕಂಪನಿ ಲೆಕ್ಕದಲ್ಲಿ ಖಾಲಿ ಗಾಡಿಗೆ ಗ್ರೌಂಡ್ ಕ್ಲಿಯರೆನ್ಸ್ 179 ಮಿ.ಮೀ. ಜನ, ಲಗೇಜು ತುಂಬಿದರೆ 145. ಅದರಲ್ಲಿ 40 ಕಳೆಯಿರಿ, 105 ಉಳಿಯಿತು. ರಸ್ತೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳಿರುವ ಹಂಪ್‌ನ ಎತ್ತರವೇ 100 ಮಿ.ಮೀ. ನಮ್ಮ ಕಡೆ ಊರಿನವರೇ ಹಾಕಿಸಿಕೊಳ್ಳುವ ಹಂಪ್‌ಗಳು ಅದಕ್ಕಿಂತ ಜಾಸ್ತಿ. ಟ್ರ್ಯಾಕ್‌ಗೆ ಹೋಗುವವರು ಮೊದಲು ಬ್ರೇಕ್ ಪ್ಯಾಡ್, ಬ್ರೇಕ್ ಆಯಿಲ್, ಟೈರ್ ನೋಡಬೇಕು. ಸಸ್ಪೆನ್ಷನ್ ಆಮೇಲೆ.

ಸ್ಟ್ರಟ್ ಚಿಕ್ಕಮಗಳೂರು:
"105 ಉಳಿಯಿತು" ಅಂತೆ. ಇದ್ಯಾವ ಲೆಕ್ಕ ಗುರು? 145 ಅನ್ನೋದು ಕಂಪನಿಯ ಮೆತ್ತನೆ ಸ್ಪ್ರಿಂಗ್ ಲೋಡ್‌ಗೆ ಕೂತಾಗ. ಸ್ಪ್ರಿಂಗ್ ಗಟ್ಟಿಯಾದರೆ ಅಷ್ಟು ಕೂರಲ್ಲ. ಇನ್ನು ನಿಮ್ಮದೇ ಕಾಂಗ್ರೆಸ್ ಹಂಪ್‌ನ ಅಗಲ 3.7 ಮೀಟರ್. ವರ್ಟಸ್‌ನ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ) 2.65 ಮೀಟರ್. ನಾಲ್ಕೂ ಚಕ್ರ ಹಂಪ್ ಮೇಲೇ ಇರುತ್ತೆ, ಹೊಟ್ಟೆ ಎಲ್ಲಿ ತಗಲುತ್ತೆ? ನಮ್ಮ ತೋಟದ ರಸ್ತೆಗಳಲ್ಲಿ ರ‍್ಯಾಲಿ ಗಾಡಿಗಳು ಹಾರಿಕೊಂಡು ಹೋಗುವುದನ್ನ ನೋಡಿಲ್ವಾ? ಅವುಗಳ ಸಸ್ಪೆನ್ಷನ್ ಎಷ್ಟು ಗಟ್ಟಿ ಇರುತ್ತೆ ಗೊತ್ತಾ? ಅದು ಇಲ್ಲಿ ನಡೆಯುತ್ತೆ ಅಂದರೆ ಇದೂ ನಡೆಯುತ್ತೆ. ಹಾಕಿಸಿ.

ಗೇರ್‌ಬಾಕ್ಸ್ ಗೌಡ:
ಆ 3.7 ಮೀಟರ್ ಅಗಲದ ಹಂಪ್ ಹಾಸನ ಜಿಲ್ಲೆಯಲ್ಲಿ ಎಲ್ಲಿದೆ, ಒಂದು ಫೋಟೋ ಹಾಕಿ. ನಾನು ದಿನಾ ನೋಡುವುದು ಮೊಣಕೈ ಉದ್ದದ ಅಗಲ, ನೆಟ್ಟಗೆ ಎದ್ದು ನಿಂತಿರುತ್ತವೆ.

ಸ್ಟ್ರಟ್ ಚಿಕ್ಕಮಗಳೂರು:
ಕಾಂಗ್ರೆಸ್ ಲೆಕ್ಕ ತಂದಿದ್ದು ನೀವು, ನಾನಲ್ಲ.

ಕೊಟ್ಟಿಗೆಹಾರ:
ರ‍್ಯಾಲಿ ಗಾಡಿ "ಗಟ್ಟಿ" ಅಂದಿದ್ದಕ್ಕೆ ಬರೆಯುತ್ತಿದ್ದೇನೆ. ತಪ್ಪು ಮಾಹಿತಿ. ಮಣ್ಣಿನ ರ‍್ಯಾಲಿಗೆ ಸ್ಪ್ರಿಂಗ್ ಮೆತ್ತಗಿರುತ್ತದೆ, ಎತ್ತರ ಜಾಸ್ತಿ, ಡ್ಯಾಂಪರ್‌ನ ಟ್ರಾವೆಲ್ (ಮೇಲೆ ಕೆಳಗೆ ಆಡುವ ಜಾಗ) ಉದ್ದ. ಟ್ರ್ಯಾಕ್ ಕಿಟ್ ಇದಕ್ಕೆ ಪೂರ್ತಿ ಉಲ್ಟಾ. ಹೆಸರು ಎರಡಕ್ಕೂ ಕಾಯಿಲೋವರ್ ಇರಬಹುದು, ಕೆಲಸ ಬೇರೆ.

ಸ್ಟ್ರಟ್ ಚಿಕ್ಕಮಗಳೂರು:
"ಉಲ್ಟಾ" ಅಲ್ಲ ಸಾರ್. 2016ರಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ನಮ್ಮೂರಿಗೆ ಬಂದಿತ್ತು. ಆ ವರ್ಷ ಗೌರವ್ ಗಿಲ್ ಚಾಂಪಿಯನ್ ಆಗಿದ್ದು ಸ್ಕೋಡಾ ಫ್ಯಾಬಿಯಾ ಆರ್5ನಲ್ಲಿ. ಅದಕ್ಕೂ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಡ್ಯಾಂಪರ್ ಒಂದೇ ಕಂಬದಲ್ಲಿರುವ ಸಸ್ಪೆನ್ಷನ್), ವರ್ಟಸ್‌ನ ಮುಂದೆಯೂ ಮ್ಯಾಕ್‌ಫರ್ಸನ್ ಸ್ಟ್ರಟ್. ಇನ್ನೇನು ಬೇಕು?

ಕೊಟ್ಟಿಗೆಹಾರ:
ಸ್ಟ್ರಟ್ ಒಂದೇ ಆದರೆ ಟ್ರಾವೆಲ್ ಒಂದೇ ಆಗಿಬಿಡುತ್ತಾ? ಆ ಫ್ಯಾಬಿಯಾ ಹಾರಿ ನೆಲಕ್ಕೆ ಬಿದ್ದಾಗ ಚಕ್ರ ಮೇಲಕ್ಕೆ ನುಗ್ಗುತ್ತದೆ, ಬಾಡಿ ನಿಧಾನಕ್ಕೆ ಕೂತು ಒಂದೇ ಸಲ ಏಳುತ್ತದೆ. ಎರಡನೇ ಸಲ ಕುಣಿಯುವುದಿಲ್ಲ. ಅಷ್ಟು ಉದ್ದದ ಟ್ರಾವೆಲ್ ಇರುವುದಕ್ಕೆ ಅದು ಸಾಧ್ಯ. ಇವರು ನೋಡಿರುವ ಕಿಟ್‌ನಲ್ಲಿ 40 ಇಳಿಸಿದ ಮೇಲೆ ಬಂಪ್ ಸ್ಟಾಪ್‌ಗೆ (ಟ್ರಾವೆಲ್ ಮುಗಿಯುವಲ್ಲಿರುವ ತಡೆ) ಎಷ್ಟು ಉಳಿಯುತ್ತದೆ ಅಂತ ಕೇಳಿ ನೋಡಿ.

ಸ್ಟ್ರಟ್ ಚಿಕ್ಕಮಗಳೂರು:
ಹಾಗಾದ್ರೆ ಟಾರ್ ರಸ್ತೆ ರ‍್ಯಾಲಿ? ಅದಕ್ಕೆ ಹೇಗಿರುತ್ತೆ ಹೇಳಿ.

ಕೊಟ್ಟಿಗೆಹಾರ:
ಟಾರ್‌ಗೆ ಗಟ್ಟಿ, ಎತ್ತರ ಕಡಿಮೆ. ಆದರೆ ಚಿಕ್ಕಮಗಳೂರಿನ ತೋಟದ ರ‍್ಯಾಲಿ ಮಣ್ಣಿನದು. ನೀವು ಉದಾಹರಣೆ ಕೊಟ್ಟಿದ್ದೂ ಅದನ್ನೇ.

ಸ್ಟ್ರಟ್ ಚಿಕ್ಕಮಗಳೂರು:
ರ‍್ಯಾಲಿ ಗಾಡಿಗೆ ಗಟ್ಟಿ ಸಸ್ಪೆನ್ಷನ್ ಇರುತ್ತೆ ಅಂತ ಈಗ ನೀವೇ ಬರೆದಿರಿ. ಅಲ್ಲಿಗೆ ಮುಗೀತು.

ಕೊಟ್ಟಿಗೆಹಾರ:
ಏನು ಮುಗೀತು ರೀ? ಅರ್ಧ ವಾಕ್ಯ ಕಿತ್ತುಕೊಂಡು ಗೆದ್ದೆ ಅಂತೀರಾ? ನಿಮ್ಮ ಮಾತು ನಂಬಿ ಯಾರೋ ದುಡ್ಡು ಸುರಿದು, ಚಾರ್ಮಾಡಿಯಲ್ಲಿ ಮಳೆಗಾಲದ ಗುಂಡಿಗೆ ಬಿದ್ದು ರಿಮ್ ಒಡೆದುಕೊಂಡರೆ ನೀವು ಕಟ್ಟಿಕೊಡ್ತೀರಾ?

ಅರಸೀಕೆರೆ ವಕೀಲ:
ದುಡ್ಡಿನ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಗಾಡಿಯ ಮಾರ್ಪಾಡಿನ ಬಗ್ಗೆ ಇರುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿಕೊಳ್ಳಿ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಬಿಗಿಯಾಗಿಯೇ ಅರ್ಥೈಸಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಪ್ರಕಾರ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಅಪಘಾತವಾದರೆ ಇನ್ಶೂರೆನ್ಸ್‌ನವರು ಮೊದಲು ಕೇಳುವುದೇ ಇಂಥದ್ದನ್ನು.

ಗೇರ್‌ಬಾಕ್ಸ್ ಗೌಡ:
ವಕೀಲರೇ, ಆರ್‌ಸಿಯಲ್ಲಿ ಸಸ್ಪೆನ್ಷನ್ ಅಂತ ಕಾಲಂ ಎಲ್ಲಿದೆ? ನಾನೂ ಬೇಡ ಅಂತಲೇ ಹೇಳುತ್ತಿರುವುದು. ಆದರೆ ಕಾನೂನು ತೋರಿಸಿ ಹೆದರಿಸಬೇಡಿ.

ಅರಸೀಕೆರೆ ವಕೀಲ:
ಹೆದರಿಸುತ್ತಿಲ್ಲ ಸ್ವಾಮಿ. ಸೆಕ್ಷನ್ ನಂಬರ್ ಕೊಟ್ಟಿದ್ದೇನೆ. ಆರ್‌ಸಿಯಲ್ಲಿ ಕಾಲಂ ಇಲ್ಲ ಅನ್ನೋದು ನಿಮ್ಮ ವಾದ, ಇನ್ಶೂರೆನ್ಸ್ ಸರ್ವೇಯರ್ ಮುಂದೆ ಅದನ್ನೇ ಹೇಳಿ ನೋಡಿ.

ಬಿ.ಎಂ. ರೋಡ್:
ದಯವಿಟ್ಟು ವಿಷಯಕ್ಕೆ ಬನ್ನಿ. ನನ್ನ ತೊಂದರೆ ಎರಡೇ, ವಾಲುವುದು ಮತ್ತು ಟೈರ್‌ನ ಹೊರ ಅಂಚು.

ಸಕಲೇಶಪುರ ಸೌಮ್ಯ ಚಾಲಕಿ:
ನಮ್ಮ ಮನೆಯ ಗಾಡಿಯಲ್ಲಿ ಇಂಥದ್ದೇ ಕಿಟ್ ಇದೆ. ಮಲೆನಾಡಿನ ಮಳೆಗಾಲದಲ್ಲಿ ಏನಾಗುತ್ತದೆ ಅಂತ ಹೇಳುತ್ತೇನೆ. ಎತ್ತರ ಹೊಂದಿಸುವ ಕಾಲರ್‌ನ ಥ್ರೆಡ್ ಒಳಗೆ ಕೆಂಪು ಕೆಸರು ಕೂತು ಒಣಗುತ್ತದೆ. ಆಮೇಲೆ ಸ್ಪ್ಯಾನರ್ ಹಾಕಿದರೂ ತಿರುಗಲ್ಲ. ವೈರ್ ಬ್ರಷ್‌ನಲ್ಲಿ ಒಂದೊಂದೇ ಸುತ್ತು ಕೆದಕಿ ತೆಗೆಯಬೇಕು. ಕ್ಯಾಂಬರ್ ಪ್ಲೇಟ್‌ನಲ್ಲಿ ರಬ್ಬರ್ ಇರಲ್ಲ, ಬೇರಿಂಗ್ ಇರುತ್ತದೆ. ನೀರು, ಮಣ್ಣು ಸೇರಿದರೆ ಸ್ಟೀರಿಂಗ್ ತಿರುಗಿಸಿದಾಗೆಲ್ಲ ಟಕ್ ಟಕ್.

ಇನ್ನು ವಾಲುವ ವಿಷಯ. ಮ್ಯಾಕ್‌ಫರ್ಸನ್ ಗಾಡಿಯನ್ನು ಜಾಸ್ತಿ ಇಳಿಸಿದರೆ ಕೆಳಗಿನ ಆರ್ಮ್ ಮೇಲ್ಮುಖವಾಗುತ್ತದೆ. ಆಗ ರೋಲ್ ಸೆಂಟರ್ (ಗಾಡಿ ವಾಲುವಾಗ ಸುತ್ತುವ ಬಿಂದು), ಗಾಡಿಯ ತೂಕದ ಕೇಂದ್ರಕ್ಕಿಂತ ಬೇಗ ಕೆಳಗೆ ಹೋಗುತ್ತದೆ. ಅಂದರೆ ವಾಲಿಸುವ ಬಲ ಜಾಸ್ತಿಯಾಗುತ್ತದೆ. ಅದನ್ನು ತಡೆಯುವುದಕ್ಕೇ ಅಷ್ಟು ಗಟ್ಟಿ ಸ್ಪ್ರಿಂಗ್ ಬೇಕಾಗುವುದು. ನಿಮಗೆ ಬೇಕಿರುವುದು ಮುಂದೆ ಒಂದಿಷ್ಟು ನೆಗೆಟಿವ್ ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಕ್ಕೆ ವಾಲಿರುವುದು) ಮತ್ತು ಒಳ್ಳೆಯ ಡ್ಯಾಂಪರ್. ಎತ್ತರ ಇದ್ದಷ್ಟೇ ಇರಲಿ.

ಸ್ಟ್ರಟ್ ಚಿಕ್ಕಮಗಳೂರು:
"ನೆಗೆಟಿವ್ ಕ್ಯಾಂಬರ್" ಇಟ್ಟುಕೊಂಡು ಹಾಸನದಿಂದ ಕೊಯಮತ್ತೂರಿಗೆ ಹೋಗಿಬಂದರೆ ಒಳ ಅಂಚು ಉಳಿಯುತ್ತಾ ಮೇಡಂ?

ಸಕಲೇಶಪುರ ಸೌಮ್ಯ ಚಾಲಕಿ:
ಟೋ (ಮೇಲಿನಿಂದ ನೋಡಿದರೆ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಸರಿ ಇದ್ದರೆ ಉಳಿಯುತ್ತದೆ. ಟೈರ್ ಬೇಗ ತಿನ್ನುವುದು ಟೋ, ಕ್ಯಾಂಬರ್ ಅಲ್ಲ. ಕ್ಯಾಂಬರ್ ಬದಲಾಯಿಸಿದರೆ ಟೋ ಕೂಡ ಬದಲಾಗುತ್ತದೆ, ಅದಕ್ಕೇ ಅಲೈನ್‌ಮೆಂಟ್ ಮತ್ತೆ ಮಾಡಿಸಬೇಕು. ಹಿಂದೆ ಹೇಗೂ ಟ್ವಿಸ್ಟ್ ಬೀಮ್ (ಎರಡೂ ಚಕ್ರ ಜೋಡಿಸುವ ಒಂದೇ ತೊಲೆ), ಅಲ್ಲಿ ಕ್ಯಾಂಬರ್ ಮುಟ್ಟುವ ಹಾಗಿಲ್ಲ. ಸ್ಪ್ರಿಂಗ್, ಡ್ಯಾಂಪರ್ ಎರಡೂ ಬೇರೆ ಬೇರೆ.

ಕೊಟ್ಟಿಗೆಹಾರ:
ಮೇಡಂ ಹೇಳಿದ್ದೇ ನಾನು ಹೇಳಿದ್ದು. ಗಟ್ಟಿ ಸ್ಪ್ರಿಂಗ್ ಈ ಕಡೆಯ ರಸ್ತೆಗೆ ಅಲ್ಲ.

ಸಕಲೇಶಪುರ ಸೌಮ್ಯ ಚಾಲಕಿ:
ನಾನು ಹಾಗೆ ಬರೆದಿಲ್ಲ. ಎತ್ತರ ಇಳಿಸುವುದರ ಬಗ್ಗೆ ಬರೆದೆ.

ಗೇರ್‌ಬಾಕ್ಸ್ ಗೌಡ:
ಬ್ರೇಕ್ ಬಗ್ಗೆ ಯಾರೂ ಮಾತಾಡುತ್ತಿಲ್ಲ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ. ತೇವ ಹೀರಿಕೊಂಡ ಮೇಲೆ ಅದೇ ಮಿತಿ 155ಕ್ಕೆ ಇಳಿಯುತ್ತದೆ. ನಮ್ಮದು ಮಳೆ ಸೀಮೆ. ಕರಿ 2.1 ಕಿ.ಮೀ.ನ ಸಣ್ಣ ಟ್ರ್ಯಾಕ್, ಬ್ರೇಕ್ ತಣ್ಣಗಾಗಲು ಜಾಗ ಎಲ್ಲಿದೆ? ಸಾಲದ್ದಕ್ಕೆ ವಾಪಸ್ ಬರುವಾಗ ದಿಂಬಂ ಘಾಟ್‌ನ 27 ಹೇರ್‌ಪಿನ್. ಆಯಿಲ್ ಕುದಿದು ಪೆಡಲ್ ಮೆತ್ತಗಾದ ಗಾಡಿಗೆ ಕಾಯಿಲೋವರ್ ಯಾಕೆ?

ಸ್ಟ್ರಟ್ ಚಿಕ್ಕಮಗಳೂರು:
ವಾಪಸ್ ಬರುವಾಗ ದಿಂಬಂ ಹತ್ತುವುದು ಸಾರ್, ಇಳಿಯುವುದಲ್ಲ. ಹತ್ತುವಾಗ ಎಂಥ ಬ್ರೇಕ್?

ಗೇರ್‌ಬಾಕ್ಸ್ ಗೌಡ:
ಹೋಗುವಾಗ ಇಳಿಯಲೇಬೇಕಲ್ವಾ? ಬೆಳಿಗ್ಗೆ ಅಲ್ಲೇ ಕಾಯಿಸಿಕೊಂಡು ಟ್ರ್ಯಾಕ್‌ಗೆ ಹೋಗುತ್ತೀರಿ.

ಬಿ.ಎಂ. ರೋಡ್:
ಪೆಡಲ್ ಮೆತ್ತಗಾಗುವುದು ನಿಜ, ಕೆಲವು ಸುತ್ತು ಆದ ಮೇಲೆ. ಪ್ಯಾಡ್, ಆಯಿಲ್ ಈ ತಿಂಗಳೇ ಮಾಡಿಸುತ್ತೇನೆ. ಸಸ್ಪೆನ್ಷನ್ ಬಿಟ್ಟೆ ಅಂತ ಅಲ್ಲ. ಹಬ್‌ನ ನಡುವಿನಿಂದ ಫೆಂಡರ್ ಅಂಚಿನವರೆಗೆ ಅಳೆದು, ಕಿಟ್‌ನ ಡ್ಯಾಂಪರ್ ಟ್ರಾವೆಲ್ ಎಷ್ಟು ಅಂತ ಕೇಳಿ ಇಲ್ಲಿ ಹಾಕುತ್ತೇನೆ.

ಸ್ಟ್ರಟ್ ಚಿಕ್ಕಮಗಳೂರು:
ಅಳತೆ ಹಾಕಿ. 15-20 ಮಿ.ಮೀ. ಇಳಿಸಿದರೆ ಸಾಕು ಅಂತಲೇ ನಾನು ಮೊದಲಿಂದ ಹೇಳುತ್ತಿರುವುದು.

ಕೊಟ್ಟಿಗೆಹಾರ:
ಎಲ್ಲಿ ಹೇಳಿದ್ದೀರಿ? ಮೇಲೆ "ಹಾಕಿಸಿ" ಅಂತ ಇದೆ, 20 ಅನ್ನೋ ಸಂಖ್ಯೆಯೇ ಇಲ್ಲ.

ಸ್ಟ್ರಟ್ ಚಿಕ್ಕಮಗಳೂರು:
"ಇಳಿಸಬಹುದು" ಅಂತ ಅವರೇ ಬರೆದಿದ್ದಾರೆ. 40 ಇಳಿಸಲೇಬೇಕು ಅಂತ ನಾನು ಎಲ್ಲಿ ಹೇಳಿದೆ? ಇನ್ನು ಫ್ಯಾಬಿಯಾ ವಿಷಯಕ್ಕೆ ನೀವು ಉತ್ತರ ಕೊಟ್ಟೇ ಇಲ್ಲ.