ಕಾಕಟೀಲ್ ಕಾಲಿಗೆ ಟೇಪ್ ಪಟ್ಟಿ: ಮೂರು ವಾರ ನೋಡಿಕೊಳ್ಳೋದು ಹೇಗೆ?

ಚಿಂತಾಮಣಿಯಿಂದ ಪ್ರಶ್ನೆ:
ನಮ್ಮ ಕಾಕಟೀಲ್‌ನ (ತಲೆ ಮೇಲೆ ಜುಟ್ಟಿರೋ ಚಿಕ್ಕ ಗಿಳಿ) ಎಡಗಾಲಿನ ಉದ್ದ ಮೂಳೆ ಮುರಿದಿದೆ. ಡಾಕ್ಟ್ರು ಟೇಪ್ ಪಟ್ಟಿ ಹಾಕಿ, ಮೂರು ವಾರ ಬಿಚ್ಚಬೇಡಿ ಅಂದಿದ್ದಾರೆ. ತೂಕ 88 ಗ್ರಾಂ ಇದ್ದಿದ್ದು 83ಕ್ಕೆ ಇಳಿದಿದೆ. ಟೇಪ್ ಕುಕ್ಕುತ್ತೆ, ಪಂಜರದ ಕಂಬಿ ಹತ್ತೋಕೆ ಹೋಗುತ್ತೆ. ಮನೇಲಿ ಹಿರಿಯರು ಅರಿಶಿನ-ಸುಣ್ಣ ಹಚ್ಚಿ ಅಂತಿದ್ದಾರೆ. ಹಚ್ಚಬಹುದಾ?

ಕೋಲಾರದಿಂದ:
ಮೊದಲು ಪಂಜರದಿಂದ ತೆಗೀರಿ. ಕಂಬಿ ಇದ್ದರೆ ಅದು ಹತ್ತೇ ಹತ್ತುತ್ತೆ. ಬದಿ ನುಣುಪಾಗಿರೋ ಪ್ಲಾಸ್ಟಿಕ್ ಡಬ್ಬಕ್ಕೆ ಜಾಲರಿ ಮುಚ್ಚಳ ಹಾಕಿ. ಬರೀ ಪೇಪರ್ ಹಾಸಿದ್ರೆ ಕಾಲು ಜಾರುತ್ತೆ, ಟರ್ಕಿ ಟವಲ್ಲಿನ ಎಳೆಗೆ ಉಗುರು ಸಿಕ್ಕಿಕೊಳ್ಳುತ್ತೆ. ಹಳೇ ಪಂಚೆ ನಾಲ್ಕು ಮಡಿಕೆ ಹಾಸಿ, ಮೇಲೊಂದು ಟಿಶ್ಯೂ ಇಡಿ, ಹಿಕ್ಕೆ ಕಾಣಬೇಕು. ಕಡಿಮೆಯಾಗಿ, ಕಡು ಹಸಿರಾಗಿದ್ರೆ ಹೊಟ್ಟೆಗೆ ಬೀಳ್ತಿಲ್ಲ ಅಂತ ಅರ್ಥ.

ಒಳಗೆ 28–30 ಡಿಗ್ರಿ ಇರಲಿ. ಹಗಲು ಡಬ್ಬದ ಹೊರಗೆ ಒಂದೇ ಬದಿಗೆ 40 ವ್ಯಾಟ್‌ನ ಹಳೇ ಥರದ, ಬಿಸಿಯಾಗೋ ಬಲ್ಬ್ ಇಡಿ, ಸೆಕೆಯಾದ್ರೆ ಇನ್ನೊಂದು ಬದಿಗೆ ಸರಿಯೋಕೆ ಜಾಗ ಬೇಕು. ಬಾಯಿ ತೆರೆದು ಏದುಸಿರು ಬಿಟ್ಟರೆ ಬಿಸಿ ಜಾಸ್ತಿ. ರಾತ್ರಿ ಬೆಳಕು ಬೇಡ; ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಹೊರಗಿನಿಂದ ಒರಗಿಸಿ.

ಶಿಡ್ಲಘಟ್ಟದಿಂದ:
ಅರಿಶಿನ-ಸುಣ್ಣ ಬೇಡವೇ ಬೇಡ. ಸುಣ್ಣ ಚರ್ಮ ಸುಡುತ್ತೆ, ಒಣಗಿ ಬಿಗಿಯುತ್ತೆ, ಕುಕ್ಕಿದ್ರೆ ಹೊಟ್ಟೆಗೂ ಹೋಗುತ್ತೆ. ನಮ್ಮ ನೋವಿನ ಮಾತ್ರೆಯ ಚೂರೂ ಕೊಡಬೇಡಿ. ಡೈಕ್ಲೋಫೆನಾಕ್ ಅನ್ನೋ ನೋವಿನ ಔಷಧಿ, ಅದನ್ನ ಕೊಟ್ಟ ದನಗಳ ಹೆಣ ತಿಂದ ರಣಹದ್ದುಗಳ ಕಿಡ್ನಿ ಕೆಡಿಸಿ ಕೊಂದಿದ್ದಕ್ಕೇ 2006ರಲ್ಲಿ ದನಗಳಿಗೂ ಕೊಡಬಾರದು ಅಂತ ಆಗಿದ್ದು.

ದಿನಕ್ಕೆರಡು ಸಲ ಬೆರಳು ನೋಡಿ, ಇನ್ನೊಂದು ಕಾಲಿಗೆ ಹೋಲಿಸಿ. ಊದಿದ್ರೆ, ತಣ್ಣಗಿದ್ರೆ, ಕಪ್ಪಾಗ್ತಿದ್ರೆ ಪಟ್ಟಿ ಬಿಗಿಯಾಗಿದೆ. ಅವತ್ತೇ ಡಾಕ್ಟ್ರ ಹತ್ರ ಹೋಗಿ. ಪಟ್ಟಿ ಕೆಳಕ್ಕೆ ಜಾರೋದೂ ಅಷ್ಟೇ ಕೆಟ್ಟದ್ದು, ಅದರ ಭಾರವೆಲ್ಲ ಮುರಿದ ಜಾಗವನ್ನೇ ಜಗ್ಗುತ್ತೆ. ಆ ಕಾಲಲ್ಲಿ ಗುರುತಿನ ರಿಂಗ್ ಇದ್ದರೆ ಡಾಕ್ಟ್ರ ಕೈಲೇ ಕತ್ತರಿಸಿಸಿ. ಟೇಪನ್ನ ಸುಮ್ಮನೆ ಒಂದೆರಡು ಸಲ ಕುಕ್ಕಿದ್ರೆ ಬಿಡಿ. ಕುಕ್ಕದ ಹಾಗೆ ಕೊರಳಪಟ್ಟಿ ಹಾಕಿದ್ರೆ ಎಷ್ಟೋ ಹಕ್ಕಿ ಊಟಾನೇ ಬಿಡ್ತವೆ.

ಚಿಂತಾಮಣಿಯಿಂದ:
ಥ್ಯಾಂಕ್ಸ್ ಸರ್. ಊಟಕ್ಕೆ ಏನು? ಹಾಲು ಕೊಟ್ಟರೆ ಮೂಳೆಗೆ ಒಳ್ಳೇದಾ?

ಕೋಲಾರದಿಂದ:
ಹಾಲು ಹಕ್ಕಿಗೆ ಅರಗಲ್ಲ, ಭೇದಿ ಆಗುತ್ತೆ. ಕಟಲ್ ಬೋನ್ (ಕಟಲ್‌ಫಿಶ್ ಅನ್ನೋ ಕಡಲಜೀವಿಯ ಸುಣ್ಣದಂಶದ ಒಳಚಿಪ್ಪು) ಕೆರೆದು ಕಾಳಿನ ಮೇಲೆ ಉದುರಿಸಿ. ನವಣೆ ತೆನೆ ನೆಲದ ಮೇಲೇ ಇಡಿ. ರಾಗಿ 8 ಗಂಟೆ ನೆನೆಸಿ, ತೊಳೆದು, ಬಟ್ಟೇಲಿ ಕಟ್ಟಿ. ಮೊಳಕೆ ಇಣುಕಿದ್ರೆ ಕೊಡಿ, ಹುಳಿ ವಾಸನೆ ಬಂದ್ರೆ ಎಸೀರಿ. ನೀರು ಬಾಟಲಿ ಮುಚ್ಚಳದಲ್ಲಿ ಸಾಕು. ಬೆಳಗಿನ ಎಳೆ ಬಿಸಿಲು 15 ನಿಮಿಷ, ಅರ್ಧ ನೆರಳಿರಲಿ, ಗಾಜು ಅಡ್ಡ ಬರಬಾರದು.

ತೂಕ ದಿನಾ ಬೆಳಿಗ್ಗೆ ಊಟಕ್ಕೆ ಮುಂಚೆ ನೋಡಿ. 83 ಅಲ್ಲೇ ನಿಂತರೆ ಪರವಾಗಿಲ್ಲ, 80ಕ್ಕಿಂತ ಕೆಳಗೆ ಬಂದರೆ ಕಾಯಬೇಡಿ. ಹತ್ತಿರದಲ್ಲಿ ಹಕ್ಕಿಗೆ ಚಿಕಿತ್ಸೆ ಕೊಡೋ ಡಾಕ್ಟ್ರು ಸಿಗದಿದ್ರೆ ಬೆಂಗಳೂರು ಹೆಬ್ಬಾಳದ ವೆಟರ್ನರಿ ಕಾಲೇಜು ಆಸ್ಪತ್ರೆ ಇದೆ.

ಶಿಡ್ಲಘಟ್ಟದಿಂದ:
ಒಂದು ಬಿಟ್ಟುಹೋಯ್ತು: ಬಲಗಾಲು. ಭಾರವೆಲ್ಲ ಅದರ ಮೇಲಿರೋದ್ರಿಂದ ಪಾದದಡಿ ಕೆಂಪಾಗಿ ನುಣುಪಾಗುತ್ತೆ, ಬಿಟ್ಟರೆ ಹುಣ್ಣು. ವಾರಕ್ಕೆರಡು ಸಲ ತಿರುಗಿಸಿ ನೋಡಿ. ಪಟ್ಟಿ ಬಿಚ್ಚಿದ ಮೇಲೂ ತಕ್ಷಣ ಎತ್ತರದ ಕಂಬಿ ಬೇಡ, ನೆಲದಿಂದ ಎರಡಿಂಚು ಮೇಲೆ ಹತ್ತಿ ಬಟ್ಟೆ ಸುತ್ತಿದ ಸೀಬೆ ಕೊಂಬೆ ಇಡಿ.