ಗೇರಿನಲ್ಲಿದ್ದರೆ ಸೆಲ್ಫ್ ಹೊಡೆಯುತ್ತಿಲ್ಲ, ಕ್ಲಚ್ ಸ್ವಿಚ್ ವೈರ್ ಸೇರಿಸಿಬಿಡಲಾ?

ಕ್ಯಾತ್ಸಂದ್ರದ ಸವಾರ:

ನನ್ನದು ಎಂಟು ವರ್ಷದ 150 ಸಿಸಿ ಬೈಕ್. ಕಿಕ್ಕರ್ ಇಲ್ಲ, ಸೆಲ್ಫೇ ಗತಿ. ಒಂದು ತಿಂಗಳಿಂದ ಹೊಸ ಚಾಳಿ ಕಲಿತಿದೆ. ನ್ಯೂಟ್ರಲ್‌ನಲ್ಲಿದ್ದರೆ ಮುಟ್ಟಿದರೆ ಸ್ಟಾರ್ಟ್. ಗೇರಿನಲ್ಲಿದ್ದರೆ ಕ್ಲಚ್ ಹಿಡಿದು ಒತ್ತಿದರೂ ಸದ್ದಿಲ್ಲ, ಒಳಗೆ ಟಿಕ್ ಅಂತಲೂ ಅನ್ನುವುದಿಲ್ಲ. ಲಿವರನ್ನು ಹಿಡಿಗೆ ತಾಗುವಷ್ಟು ಹಿಂಡಿದರೆ ಹತ್ತರಲ್ಲಿ ಒಂದು ಸಲ ಹೊಡೆಯುತ್ತದೆ. ಮೊದಲು ಹೀಗಿರಲಿಲ್ಲ.

ಮನೆ ಮುಂದೆ ಆದರೆ ಪರವಾಗಿಲ್ಲ. ಮೊನ್ನೆ ಸೆಕೆಂಡ್ ಶಿಫ್ಟ್‌ಗೆ ವಸಂತನರಸಾಪುರಕ್ಕೆ ಹೊರಟಿದ್ದೆ. ಬಟವಾಡಿ ಹತ್ತಿರ ಟ್ರಾಫಿಕ್‌ನಲ್ಲಿ ಎರಡನೇ ಗೇರಿನಲ್ಲೇ ಆಫ್ ಆಯಿತು. ಹಿಂದೆ ಬಸ್ಸು, ಬಸ್ಸಿನ ಹಾರನ್ನು. ನಿಂತ ಗಾಡಿಯಲ್ಲಿ ನ್ಯೂಟ್ರಲ್ ಹುಡುಕುವುದು ಅಂದರೆ ಜಾತ್ರೆಯಲ್ಲಿ ಚಪ್ಪಲಿ ಹುಡುಕಿದ ಹಾಗೆ. ಒಂದಕ್ಕೆ ಬೀಳುತ್ತದೆ, ಎರಡಕ್ಕೆ ಏಳುತ್ತದೆ, ಹಸಿರು ದೀಪ ಮಾತ್ರ ಹತ್ತುವುದಿಲ್ಲ. ಕೊನೆಗೆ ಕ್ಲಚ್ ಹಿಡಿದು ಪಕ್ಕಕ್ಕೆ ತಳ್ಳಿಕೊಂಡು ಹೋದೆ. ಬಸ್ಸಿನ ಕಿಟಕಿಯಿಂದ ಒಬ್ಬ ಹುಡುಗ ಟಾಟಾ ಬೇರೆ ಮಾಡಿದ.

ರಸ್ತೆ ಬದಿಯ ಮೆಕ್ಯಾನಿಕ್ ನೋಡಿದ. "ಕ್ಲಚ್ ಸ್ವಿಚ್ ಹೋಗಿದೆ ಸಾರ್. ಎರಡು ವೈರ್ ಸೇರಿಸಿ ತಿರುಚಿಬಿಡ್ತೀನಿ, ಆಮೇಲೆ ಯಾವ ಗೇರಲ್ಲಿ ಬೇಕಾದ್ರೂ ಹೊಡೀರಿ" ಅಂದ. ನನಗೆ ಧೈರ್ಯ ಬರಲಿಲ್ಲ. ನಮ್ಮಣ್ಣ ಅವನ ಹಳೇ ಗಾಡಿಗೆ ಇದೇ ಮಾಡಿಸಿದ್ದ. ಒಂದು ಬೆಳಿಗ್ಗೆ ಸೈಡ್ ಸ್ಟ್ಯಾಂಡ್ ತೆಗೆದು, ಪಕ್ಕದಲ್ಲಿ ನಿಂತೇ ಸೆಲ್ಫ್ ಒತ್ತಿದ. ಗಾಡಿ ಫಸ್ಟ್ ಗೇರಿನಲ್ಲಿತ್ತು. ಅವನ ಕೈಯಿಂದ ಕಿತ್ತುಕೊಂಡು ಹೋಗಿ ತುಳಸಿ ಕಟ್ಟೆಗೆ ಗುದ್ದಿತು. ಕಟ್ಟೆಯ ಮೂಲೆ ಹಾರಿಹೋಯಿತು, ಹೆಡ್‌ಲೈಟ್ ಪುಡಿ. ಅತ್ತಿಗೆ ಇವತ್ತಿಗೂ ಬಂದವರಿಗೆಲ್ಲ ಆ ಮೂಲೆ ತೋರಿಸುತ್ತಾರೆ.

ವೈರ್ ಸೇರಿಸದೆ ಸರಿ ಮಾಡುವುದು ಹೇಗೆ? ಮೊದಲು ಏನು ನೋಡಬೇಕು?

ಸುಮ್ನೆ ಸುತ್ತಾಡ್ತೀನಿ:

ನಾನು ಸೇರಿಸಿ ಮೂರು ವರ್ಷ ಆಯಿತು. ಏನೂ ಆಗಿಲ್ಲ. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ ಗುರೂ.

ಗುಬ್ಬಿ ಗೇಟ್ ವೈರ್‌ಮ್ಯಾನ್:

ಮೂರು ವರ್ಷ ಏನೂ ಆಗಿಲ್ಲ ಅಂದರೆ ಗುದ್ದೋಕೆ ತುಳಸಿ ಕಟ್ಟೆ ಸಿಕ್ಕಿಲ್ಲ ಅಂತ ಅರ್ಥ.

ಕ್ಯಾತ್ಸಂದ್ರದವರೇ, ನ್ಯೂಟ್ರಲ್‌ನಲ್ಲಿ ಸರಿಯಾಗಿ ಹೊಡೆಯುತ್ತದೆ ಅಂದಿರಿ. ಅಲ್ಲಿಗೆ ಬ್ಯಾಟರಿ, ಸೆಲ್ಫ್ ಮೋಟಾರ್, ರಿಲೇ, ಸ್ಟಾರ್ಟ್ ಬಟನ್ ನಾಲ್ಕೂ ಚೆನ್ನಾಗಿವೆ. ಅವನ್ನು ಯಾರಾದರೂ ಬದಲಾಯಿಸೋಣ ಅಂದರೆ ಎದ್ದು ಬನ್ನಿ.

ನೀವು ಬಟನ್ ಒತ್ತಿದಾಗ ಕರೆಂಟು ಮೊದಲು ರಿಲೇಗೆ ಹೋಗುತ್ತದೆ. ರಿಲೇ ಟಿಕ್ ಅಂದರೆ ಮಾತ್ರ ಮೋಟಾರ್‌ಗೆ ದಪ್ಪ ವೈರಿನ ಕರೆಂಟು ಸಿಗುತ್ತದೆ. ಆ ಟಿಕ್ ಆಗಬೇಕಾದರೆ ರಿಲೇಗೆ ಅರ್ತ್, ಅಂದರೆ ಕರೆಂಟು ವಾಪಸ್ ಹೋಗುವ ದಾರಿ, ಸಿಗಬೇಕು. ಅದಕ್ಕೆ ಎರಡು ದಾರಿ. ಒಂದು ಗೇರ್‌ಬಾಕ್ಸ್‌ನಲ್ಲಿರುವ ನ್ಯೂಟ್ರಲ್ ಸ್ವಿಚ್, ಇನ್ನೊಂದು ಲಿವರ್ ಬುಡದಲ್ಲಿರುವ ಕ್ಲಚ್ ಸ್ವಿಚ್. ಎರಡರಲ್ಲಿ ಒಂದು ತೆರೆದರೂ ಸಾಕು. ನಿಮ್ಮದರಲ್ಲಿ ಮೊದಲನೇ ದಾರಿ ಇದೆ, ಎರಡನೆಯದು ಮುಚ್ಚಿದೆ, ಅಷ್ಟೇ. ಕೆಲವು ಗಾಡಿಗಳಲ್ಲಿ ಕ್ಲಚ್ ದಾರಿಯಲ್ಲೇ ಸೈಡ್ ಸ್ಟ್ಯಾಂಡ್ ಸ್ವಿಚ್ಚೂ ಕೂತಿರುತ್ತದೆ. ನಿಮ್ಮದಕ್ಕೆ ಇದ್ದರೆ ಅದಕ್ಕೆ ಕೆಸರು ಮೆತ್ತಿದೆಯಾ ನೋಡಿ. ಸ್ಟ್ಯಾಂಡ್ ಮೇಲೆತ್ತಿದ್ದರೂ ಇಳಿದೇ ಇದೆ ಅಂದುಕೊಂಡು ಮೊಂಡು ಹಿಡಿಯುತ್ತದೆ.

ಈ ಎರಡು ದಾರಿ ಒಂದಕ್ಕೊಂದು ಬೆರೆಯದ ಹಾಗೆ ಮಧ್ಯೆ ಒಂದು ಡಯೋಡ್ ಇರುತ್ತದೆ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುತ್ತದೆ. ನನಗೆ ತುಂಬಾ ಇಷ್ಟವಾದ ಚಿಕ್ಕ ಸಾಮಾನು. ಗೇರಿನಲ್ಲಿದ್ದಾಗ ಕ್ಲಚ್ ಹಿಡಿದರೆ ಹಸಿರು ದೀಪ ಹತ್ತುತ್ತಿದೆಯಾ? ಹತ್ತಿದರೆ ಡಯೋಡ್ ಶಾರ್ಟ್ ಆಗಿದೆ. ಆ ದೀಪ ನಂಬಿ ಕ್ಲಚ್ ಬಿಟ್ಟವರು ಮುಗ್ಗರಿಸುತ್ತಾರೆ. ನಿಮಗೆ ಹಾಗೆ ಆಗುತ್ತಿಲ್ಲ ಅನಿಸುತ್ತದೆ.

ಪರೀಕ್ಷೆ ಹೀಗೆ ಮಾಡಿ. ಡಬಲ್ ಸ್ಟ್ಯಾಂಡ್ ಹಾಕಿ, ಹಿಂದಿನ ಚಕ್ರ ನೆಲ ಬಿಟ್ಟಿರಲಿ. ಮೊದಲನೇ ಗೇರ್ ಹಾಕಿ ಕ್ಲಚ್ ಹಿಡಿದುಕೊಳ್ಳಿ. ಕ್ಲಚ್ ಸ್ವಿಚ್‌ನ ಎರಡು ಪಿನ್ ಕಳಚಿ, ವೈರಿನ ಕಡೆ ಒಂದು ತುಂಡು ತಂತಿಯಿಂದ ಸೇರಿಸಿ, ಇನ್ನೊಬ್ಬರ ಕೈಲಿ ಸೆಲ್ಫ್ ಒತ್ತಿಸಿ. ಹೊಡೆದರೆ ತಪ್ಪು ಸ್ವಿಚ್ ಜಾಗದಲ್ಲೇ ಇದೆ. ನೋಡಿದ ತಕ್ಷಣ ತಂತಿ ತೆಗೆದುಬಿಡಿ.

ಇನ್ನೊಂದು ಮಾತು. ಲಿವರ್ ಹಿಂಡಿದರೆ ಒಮ್ಮೊಮ್ಮೆ ಹೊಡೆಯುತ್ತದೆ ಅಂದಿರಲ್ಲ, ಅದು ನನಗೆ ಕಚಗುಳಿ ಇಡುತ್ತಿದೆ. ಗಾಡಿ ಬೀಳಿಸಿದ್ದಿರಾ? ಲಿವರ್ ಬದಲಾಯಿಸಿದ್ದಿರಾ?

ಚಿಂತಾಮಣಿ ಹಳೇ ಬುಲೆಟ್:

ವೈರ್‌ಮ್ಯಾನ್ ಹೇಳಿದ್ದು ಸರಿ. ಆದರೆ ಸ್ವಿಚ್ ಸರಿಯಾದ ಮೇಲೂ ಬೆಳಿಗ್ಗೆ ಮೊದಲ ಸ್ಟಾರ್ಟ್ ಗೇರಿನಲ್ಲಿ ಬೇಡ. ಆ ಸ್ವಿಚ್ ನೋಡುವುದು ಲಿವರನ್ನು, ಕ್ಲಚ್ಚನ್ನಲ್ಲ. ಒಳಗೆ ಪ್ಲೇಟು ಬಿಟ್ಟಿದೆಯೋ ಇಲ್ಲವೋ ಅದಕ್ಕೇನು ಗೊತ್ತು? ರಾತ್ರಿಯೆಲ್ಲ ಚಳಿಯಲ್ಲಿ ನಿಂತ ಗಾಡಿಯಲ್ಲಿ ಪ್ಲೇಟುಗಳು ಆಯಿಲಲ್ಲಿ ಅಂಟಿಕೊಂಡಿರುತ್ತವೆ. ನೀವು ಕ್ಲಚ್ ಹಿಡಿದೇ ಇರುತ್ತೀರಿ, ಗಾಡಿ ಆದರೂ ಒಂದು ಹಾರು ಹಾರುತ್ತದೆ. ಜನವರಿಯಲ್ಲಿ ನಂದಿ ಬೆಟ್ಟಕ್ಕೆ ಬೆಳಗ್ಗೆ ಐದಕ್ಕೆ ಹೊರಡುವ ಹುಡುಗರು ಇದನ್ನು ನೋಡಿರುತ್ತಾರೆ.

ನನ್ನ ಬುಲೆಟ್‌ಗೆ ಸೆಲ್ಫೇ ಇಲ್ಲ. ಅದರಲ್ಲಿ ಕಿಕ್ಕಿನ ಬಲ ಗೇರ್‌ಬಾಕ್ಸ್ ದಾಟಿ, ಕ್ಲಚ್ ದಾಟಿ ಇಂಜಿನ್‌ಗೆ ಹೋಗಬೇಕು. ಹಾಗಾಗಿ ಕ್ಲಚ್ ಹಿಡಿದು ಒದ್ದರೆ ಇಂಜಿನ್ ತಿರುಗುವುದಿಲ್ಲ, ಅಂಟಿದ ಪ್ಲೇಟು ಬಿಡುತ್ತದೆ ಅಷ್ಟೇ. ದಿನಾ ಬೆಳಿಗ್ಗೆ ಹಾಗೆ ಎರಡು ಸಲ ಒದ್ದು, ಆಮೇಲೆ ನ್ಯೂಟ್ರಲ್‌ನಲ್ಲಿ ನಿಜವಾದ ಕಿಕ್. ನನ್ನ ತಮ್ಮನ ಆರ್‌ಎಕ್ಸ್ 100 ನೋಡಿ, ಅದರ ಕಿಕ್ ನೇರ ಇಂಜಿನ್‌ಗೆ. ಮೂರನೇ ಗೇರಿನಲ್ಲಿ ನಿಂತರೂ ಕ್ಲಚ್ ಹಿಡಿದು ಒಂದು ಒದೆ, ಹೊರಟೇಬಿಟ್ಟ. ಸಿಗ್ನಲ್‌ನಲ್ಲಿ ಅವನ ಮುಂದೆ ನನ್ನ ಮರ್ಯಾದೆ ಎಷ್ಟು ಸಲ ಹೋಗಿದೆಯೋ.

ಮತ್ತೆ, ನಿಂತ ಗಾಡಿಯಲ್ಲಿ ನ್ಯೂಟ್ರಲ್ ಸಿಗದಿದ್ದರೆ ಪೆಡಲ್ ಜೊತೆ ಜಗಳ ಬೇಡ. ಗಾಡಿಯನ್ನು ಒಂದು ಗೇಣು ಹಿಂದೆ ಮುಂದೆ ಅಲ್ಲಾಡಿಸುತ್ತಾ ಮೆಲ್ಲಗೆ ಒತ್ತಿ. ಬೀಳುತ್ತದೆ.

ಕ್ಯಾತ್ಸಂದ್ರದ ಸವಾರ:

ವೈರ್‌ಮ್ಯಾನ್ ಅವರೇ, ನಿಮ್ಮ ಬಾಯಿಗೆ ಸಕ್ಕರೆ. ಹೌದು, ಬೀಳಿಸಿದ್ದೆ. ದೇವರಾಯನದುರ್ಗ ಇಳಿಯುವಾಗ ತಿರುವಿನ ಮರಳಲ್ಲಿ ಜಾರಿ ಎಡಕ್ಕೆ ಮಲಗಿತು. ಲಿವರ್ ತುಂಡಾಯಿತು. ಅಂಗಡಿಯಲ್ಲಿ ಸಿಕ್ಕ ಅಗ್ಗದ ಲಿವರ್ ಹಾಕಿಸಿದೆ. ಅದಾಗಿ ಸರಿಯಾಗಿ ಒಂದು ತಿಂಗಳು. ಎರಡನ್ನೂ ಸೇರಿಸಿ ಯೋಚನೆ ಮಾಡಲೇ ಇಲ್ಲ ನೋಡಿ.

ಭಾನುವಾರ ತಟ್ಟೆ ಇಡ್ಲಿ ಮುಗಿಸಿ ಕೂತೆ. ತಂತಿ ಹಾಕಿ ನೋಡಿದರೆ ಸೆಲ್ಫ್ ಹೊಡೆಯಿತು. ಲಿವರ್ ಬಿಚ್ಚಿ, ಸ್ವಿಚ್ಚನ್ನು ಬರೀ ಬೆರಳಲ್ಲಿ ಒತ್ತಿ ಬಿಟ್ಟೆ. ಬಟಾಣಿಗಿಂತ ಚಿಕ್ಕ ಕಡ್ಡಿ, ಒಳಗೆ ಹೋಗಿ ಸಲೀಸಾಗಿ ಹೊರಗೆ ಬರುತ್ತಿತ್ತು. ಅಂದರೆ ಸ್ವಿಚ್ ಹೋಗಿರಲಿಲ್ಲ. ಲಿವರ್ ಬಿಟ್ಟಿದ್ದಾಗ ಅದರ ಹಿಮ್ಮಡಿ ಕಡ್ಡಿಯನ್ನು ಒತ್ತಿಕೊಂಡಿರುತ್ತದೆ, ಹಿಡಿದಾಗ ಕಡ್ಡಿ ಹೊರಗೆ ಬಂದು ದಾರಿ ತೆರೆಯಬೇಕು. ಈ ಹೊಸ ಲಿವರ್‌ನ ಹಿಮ್ಮಡಿಯೇ ದಪ್ಪ. ಮುರಿದ ಹಳೇ ಲಿವರ್ ತುಂಡು ಡಿಕ್ಕಿಯಲ್ಲೇ ಇತ್ತು, ಪಕ್ಕದಲ್ಲಿಟ್ಟು ನೋಡಿದೆ. ಅಕ್ಕಿ ಕಾಳಿನಷ್ಟು ವ್ಯತ್ಯಾಸ. ಅಷ್ಟಕ್ಕೇ ಕಡ್ಡಿ ಪೂರ್ತಿ ಹೊರಗೆ ಬರುತ್ತಿರಲಿಲ್ಲ.

ಅರ ಹಾಕಿ ಉಜ್ಜೋಣ ಅನಿಸಿತು. ಜಾಸ್ತಿ ಉಜ್ಜಿದರೆ ಕಡ್ಡಿಯನ್ನು ಒತ್ತುವುದೇ ಇಲ್ಲ, ಆಗ ವೈರ್ ಸೇರಿಸಿದ್ದಕ್ಕೂ ಅದಕ್ಕೂ ಏನು ವ್ಯತ್ಯಾಸ ಅಂತ ಕೈ ಬಿಟ್ಟೆ. ಕಂಪನಿ ಲಿವರ್ ತಂದು ಹಾಕಿದೆ. ಈಗ ನಾಲ್ಕನೇ ಗೇರಿನಲ್ಲೂ ಕ್ಲಚ್ ಹಿಡಿದು ಮುಟ್ಟಿದರೆ ಸ್ಟಾರ್ಟ್, ಕ್ಲಚ್ ಬಿಟ್ಟು ಒತ್ತಿದರೆ ಕಲ್ಲು. ಅಣ್ಣನಿಗೂ ಹೇಳಿದ್ದೇನೆ, ಅವನ ಗಾಡಿಯ ತಿರುಚಿದ ವೈರ್ ಈ ಭಾನುವಾರ ಬಿಚ್ಚುತ್ತೇವೆ. ಅತ್ತಿಗೆ ಸಿಮೆಂಟು ತರಲು ಹೇಳಿದ್ದಾರೆ.