ಶಾಲೆಯ ಪ್ಯಾಸೇಜಿನ ಹಳೇ ಗ್ರೂಪ್ ಫೋಟೊಗಳು: ಗಾಜಿಗೆ ಅಂಟಿವೆ, ಇಸವಿಯೂ ಇಲ್ಲ

ವಡಾಲಾ_ಬೆಂಚು
ಮುಂಬಯಿಯ ಕನ್ನಡ ಮಾಧ್ಯಮ ಹೈಸ್ಕೂಲೊಂದರ ಎರಡನೇ ಮಾಳಿಗೆಯ ಪ್ಯಾಸೇಜಿನಲ್ಲಿ ಎಸ್ಸೆಸ್ಸಿ (ಕರ್ನಾಟಕದ ಎಸ್ಸೆಸ್ಸೆಲ್ಸಿಯಂಥ ಪರೀಕ್ಷೆ) ತರಗತಿಗಳ ಗ್ರೂಪ್ ಫೋಟೊಗಳು ಸಾಲಾಗಿ ಇವೆ. ಹಳೆಯವು ಕಪ್ಪು-ಬಿಳುಪು, ಆಮೇಲಿನವು ಕಲರ್. ಹಲವಕ್ಕೆ ಇಸವಿ ಇಲ್ಲ, ಕೆಲವು ಗಾಜಿಗೇ ಅಂಟಿವೆ. ಜನವರಿಯ ಹಳೆ ವಿದ್ಯಾರ್ಥಿ ಕೂಟದೊಳಗೆ ಸ್ಕ್ಯಾನ್ ಮಾಡಿ, ಹೆಸರು ಸೇರಿಸಿ ಮತ್ತೆ ತೂಗುಹಾಕಬೇಕು. ಎಲ್ಲಿಂದ ಶುರು ಮಾಡೋದು?

ಜಿಲೆಟಿನ್
ಅಂಟಿದ್ದನ್ನು ಕೀಳಬೇಡಿ. ಫೋಟೊದ ಮೇಲ್ಪದರ ಜಿಲೆಟಿನ್. ಮಳೆಗಾಲದ ತೇವಕ್ಕೆ ಮೆತ್ತಗಾಗಿ ಗಾಜಿಗೆ ಹತ್ತಿ ಒಣಗಿರುತ್ತೆ. ಎಳೆದರೆ ಮುಖಗಳು ಗಾಜಿನಲ್ಲೇ ಉಳೀತವೆ. ಹೇರ್ ಡ್ರೈಯರ್, ಬಿಸಿನೀರಿನ ಉಪಾಯಗಳನ್ನು ಯೂಟ್ಯೂಬಿನಲ್ಲೇ ಬಿಟ್ಟುಬಿಡಿ. ಗಾಜು ಒರೆಸಿ ಅದರ ಮೇಲಿಂದಲೇ ಕ್ಯಾಮೆರಾದಲ್ಲಿ ತೆಗೆಯಿರಿ: ಎರಡು ಬದಿಯಿಂದ 45 ಡಿಗ್ರಿಯಲ್ಲಿ ದೀಪ, ಕ್ಯಾಮೆರಾದ ಹಿಂದೆ ಕಪ್ಪು ಬಟ್ಟೆ, ಪ್ಯಾಸೇಜಿನ ಟ್ಯೂಬ್‌ಲೈಟ್ ಆಫ್. ಇಲ್ಲದಿದ್ದರೆ ತೆಗೆಯುವವರ ಅಂಗಿಯೇ ಗಾಜಿನಲ್ಲಿ ಕಾಣುತ್ತೆ.

ಬಿಡಿ ಫೋಟೊಗಳಿಗೆ ಫ್ಲಾಟ್‌ಬೆಡ್ ಸ್ಕ್ಯಾನರ್, 600 ಡಿಪಿಐ (ಇಂಚಿಗೆ 600 ಚುಕ್ಕೆ), ಟಿಫ್ ಫೈಲ್. 10×12 ಇಂಚಿನಲ್ಲಿ ಒಂದು ಮುಖ ಹೆಚ್ಚೆಂದರೆ 1 ಸೆಂ.ಮೀ.; ಈ ಲೆಕ್ಕಕ್ಕೆ ಸುಮಾರು 236 ಪಿಕ್ಸೆಲ್, ಗುರುತು ಹಿಡಿಯಲು ಸಾಕು. 300ಕ್ಕೆ ಇಳಿಸಿದರೆ ಹಿಂದಿನ ಸಾಲಿನವರು ಬರೀ ಚುಕ್ಕೆ. ಎ4 ಸ್ಕ್ಯಾನರಿಗೆ ಇದು ಹಿಡಿಸಲ್ಲ, ಎರಡು ತುಂಡಾಗಿ ಮಾಡಿ, ಮೂರನೇ ಒಂದು ಭಾಗ ಎರಡರಲ್ಲೂ ಬರಲಿ. ಕಪ್ಪು-ಬಿಳುಪನ್ನೂ ಕಲರ್‌ನಲ್ಲೇ ಸ್ಕ್ಯಾನ್ ಮಾಡಿ. ಹಳದಿ ಕಲೆ ಸ್ಕ್ಯಾನಿನ ಕೆಂಪು ಚಾನೆಲ್‌ನಲ್ಲಿ (ಕೆಂಪು ಬಣ್ಣದ ಪದರದಲ್ಲಿ) ಬಹುಪಾಲು ಮಾಯ, ತಿದ್ದುವ ಕೆಲಸ ಅರ್ಧಕ್ಕೆ ಇಳಿಯುತ್ತೆ.

ಹಾಜರಿ_ಪಟ್ಟಿ
ಇಸವಿ ತಿಳಿಯಲು ಮೊದಲು ಮುಂದಿನ ಸಾಲಿನವರ ಕಾಲ ಬುಡದಲ್ಲಿರುವ ಸ್ಲೇಟು, ಆಮೇಲೆ ಹಿಂಬದಿಯ ಸ್ಟುಡಿಯೋ ಮೊಹರು ನೋಡಿ. ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ. ‘ಬಾಂಬೆ 400 019’ ಅಂತಿದ್ದರೆ ಫೋಟೊ ಖಂಡಿತ ಅದರ ನಂತರದ್ದು. ‘ಬಾಂಬೆ-19’ ಇದ್ದರೆ ಮಾತ್ರ ಹಳೆಯದು ಎಂದು ಹೇಳೋಕಾಗಲ್ಲ, ಹಳೇ ಮೊಹರನ್ನು ವರ್ಷಗಟ್ಟಲೆ ಒತ್ತಿದವರಿದ್ದಾರೆ.

ತರಗತಿಯೂ ಸುಳಿವು. ಮಹಾರಾಷ್ಟ್ರದಲ್ಲಿ 10ನೇ ತರಗತಿಯವರು ಎಸ್ಸೆಸ್ಸಿ ಬರೆಯಲು ಶುರುವಾದದ್ದು 1975ರಲ್ಲಿ, ಅದಕ್ಕೂ ಮುಂಚೆ 11ನೆಯವರು. ಫಲಕದಲ್ಲಿ ‘XI’ ಇದ್ದರೆ ಆ ಕಾಲದ್ದು. 1975ಕ್ಕೆ 10, 11 ಎರಡೂ ಬ್ಯಾಚಿನ ಫೋಟೊ ಸಿಕ್ಕರೂ ಗಾಬರಿ ಬೇಡ. ಮುಖದ ವಯಸ್ಸನ್ನಂತೂ ನಂಬಬೇಡಿ. ಹಗಲು ಹೋಟೆಲ್, ಕ್ಯಾಂಟೀನಿನಲ್ಲಿ ದುಡಿದು ಮುಂಬಯಿಯ ಫೋರ್ಟ್ ಪ್ರದೇಶದ ರಾತ್ರಿಶಾಲೆಗಳಲ್ಲಿ ಓದಿದವರು ಮೀಸೆ ಬಲಿತ ಮೇಲೂ ಹತ್ತನೇ ತರಗತಿಯ ಬೆಂಚಿನಲ್ಲಿದ್ದರು.

ಹೆಸರಿಗೆ: ಪ್ರಿಂಟಿನ ಮೇಲೆ ಟ್ರೇಸಿಂಗ್ ಪೇಪರಿಟ್ಟು ತಲೆಗಳ ಗೆರೆ ಎಳೆದು, ಕೂತವರ ಸಾಲಿನಿಂದ ಎಡದಿಂದ ಬಲಕ್ಕೆ ನಂಬರ್ ಹಾಕಿ. ಶಾಲೆಯ ಜನರಲ್ ರಿಜಿಸ್ಟರಿನಲ್ಲಿ (ವಿದ್ಯಾರ್ಥಿಗಳ ದಾಖಲೆ ಪುಸ್ತಕ) ಮೊದಲು ಅಡ್ಡಹೆಸರು, ಆಮೇಲೆ ಹೆಸರು, ಕೊನೆಗೆ ತಂದೆಯ ಹೆಸರು. ಅಡ್ಡಹೆಸರು ಮಾತ್ರ ಬರೆದರೆ ಒಂದೇ ಫೋಟೊದಲ್ಲಿ ನಾಲ್ಕು ಪೂಜಾರಿ, ಐದು ಶೆಟ್ಟಿ! ಜಾತಿ, ಜನ್ಮದಿನವೂ ಅದರಲ್ಲೇ ಇರುತ್ತೆ, ಆ ಪುಟವನ್ನು ಮೊಬೈಲಿನಲ್ಲಿ ತೆಗೆದು ವಾಟ್ಸಾಪಿಗೆ ಹಾಕಬೇಡಿ.

ವಡಾಲಾ_ಬೆಂಚು
ಉಪಕಾರ. ಮೂಲ ಫೋಟೊಗಳನ್ನೇ ಮತ್ತೆ ತೂಗುಹಾಕಬಹುದಾ? ಕಲರ್‌ನವು ಕೆಂಪಗಾಗಿವೆ.

ಜಿಲೆಟಿನ್
ಬೇಡ. ಹಳೇ ಕಲರ್ ಪ್ರಿಂಟಿನಲ್ಲಿ ಸಯಾನ್ (ಹಸಿರು-ನೀಲಿ) ಬಣ್ಣ ಮೊದಲು ಹೋಗುತ್ತೆ, ಅದಕ್ಕೇ ಕೆಂಪು. ಸ್ಕ್ಯಾನಿನಲ್ಲಿ ತಕ್ಕಮಟ್ಟಿಗೆ ಸರಿಪಡಿಸಬಹುದು. ಗೋಡೆಗೆ ಮ್ಯಾಟ್ ಕಾಗದದ ನಕಲು ಸಾಕು. ಗಾಜಿಗೂ ಫೋಟೊಗೂ ನಡುವೆ 3 ಮಿ.ಮೀ. ಕಾರ್ಡ್‌ಬೋರ್ಡ್ ಪಟ್ಟಿ ಕೊಡಿ, ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೆ ರಬ್ಬರ್ ಗುಂಡಿ. ಗೋಡೆಗೆ ಒತ್ತಿ ನಿಂತರೆ ಜುಲೈಯಲ್ಲಿ ಹಿಂಬದಿಗೆ ಬೂಸ್ಟು ಹಿಡಿಯುತ್ತೆ. ಶೌಚಾಲಯದ ಪೈಪ್ ಹಾದುಹೋಗುವ ಗೋಡೆಯಂತೂ ಬೇಡವೇ ಬೇಡ.

ಮೂಲಗಳನ್ನು ಆಸಿಡ್‌ರಹಿತ ಕಾಗದದಲ್ಲಿ ಒಂದೊಂದಾಗಿ ಸುತ್ತಿ, ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಚಪ್ಪಟೆಯಾಗಿ ಇಡಿ. ಮಳೆಗಾಲದಲ್ಲಲ್ಲ, ಡಿಸೆಂಬರಿನ ಒಣ ದಿನ ನೋಡಿ ಮುಚ್ಚಿ, ಇಲ್ಲದಿದ್ದರೆ ತೇವವನ್ನೂ ಜೊತೆಗೇ ಮುಚ್ಚಿಟ್ಟಂತೆ. ನುಸಿಗುಳಿಗೆ ಹಾಕಬೇಡಿ. ಅಂಟಿಕೊಂಡವು ಗಾಜಿನ ಸಮೇತ ಹಾಗೇ ಇರಲಿ.